ಬ್ಯಾಂಕು ಮುರಿದುಕೊಂಡ ಹಣ: ಮರಳಿ ಕೇಳುವುದು ಹೇಗೆ?



ನಿಮ್ಮ ಮನೆಯ ಕಪಾಟಿನಲ್ಲಿ, ಪಡಿತರ ಚೀಟಿ, ಜ್ಞಾನಸ್ನಾನದ ಪತ್ರ, ಮಕ್ಕಳ ಅಂಕಪಟ್ಟಿಗಳ ಜೊತೆಯಲ್ಲಿ ಬ್ಯಾಂಕಿನ ಪಾಸ್‌ಬುಕ್ ಕೂಡ ಇರುತ್ತದೆ. ಅದನ್ನು ಕೊನೆಯ ಸಲ ತೆರೆದು ಸಾಲು ಸಾಲಾಗಿ ಓದಿದ್ದು ಯಾವಾಗ? ನಮ್ಮಲ್ಲಿ ಹೆಚ್ಚಿನವರು ಕೊನೆಯ ಸಾಲಿನ ಶಿಲ್ಕನ್ನು ಮಾತ್ರ ನೋಡಿ ಪುಸ್ತಕ ಮುಚ್ಚಿಡುತ್ತೇವೆ. ನಡುವಿನ ಸಾಲುಗಳಲ್ಲಿ 17 ರೂಪಾಯಿ, 59 ರೂಪಾಯಿ, 118 ರೂಪಾಯಿ ಎಂದು ಮುರಿದುಕೊಂಡದ್ದು ಕಣ್ಣಿಗೆ ಬಿದ್ದರೂ, "ಬ್ಯಾಂಕಿನವರು ಕಂಪ್ಯೂಟರಿನಲ್ಲಿ ಮಾಡಿದ್ದು, ಸರಿಯಾಗಿಯೇ ಇರಬೇಕು" ಎಂದು ಸುಮ್ಮನಾಗುತ್ತೇವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಳ್ಳಿಯ ಒಬ್ಬ ತಾಯಿಗೆ ಉಳಿತಾಯ ಖಾತೆ ಇದೆ. ಕನಿಷ್ಠ 1,000 ರೂಪಾಯಿ ಇರಬೇಕೆಂಬುದು ಅಲ್ಲಿಯ ನಿಯಮ. ಮಗಳ ಶಾಲೆಯ ಶುಲ್ಕ ಕಟ್ಟಿದ ಮೇಲೆ ಖಾತೆಯಲ್ಲಿ ಉಳಿದದ್ದು 800. ಮೂರು ತಿಂಗಳಾದ ಮೇಲೆ 100 ರೂಪಾಯಿ ದಂಡ, ಅದರ ಮೇಲೆ ಶೇಕಡಾ 18ರಂತೆ ಜಿ.ಎಸ್.ಟಿ., ಒಟ್ಟು 118 ರೂಪಾಯಿ ಹೋಯಿತು. ಉಳಿದದ್ದು 682. ಶಿಲ್ಕು ಇನ್ನೂ ಇಳಿಯಿತಾದ್ದರಿಂದ ಮುಂದಿನ ಮೂರು ತಿಂಗಳಿಗೆ ಮತ್ತೆ 118. ವರ್ಷ ತಿರುಗುವಷ್ಟರಲ್ಲಿ 472 ರೂಪಾಯಿ ಕರಗಿತು. ಹಣ ಕಡಿಮೆ ಇದ್ದದ್ದಕ್ಕೆ ದಂಡ, ಆ ದಂಡದಿಂದಲೇ ಹಣ ಇನ್ನೂ ಕಡಿಮೆ! ಶ್ರೀಮಂತರ ಖಾತೆಗೆ ಈ ಕತ್ತರಿ ತಾಗುವುದೇ ಇಲ್ಲ. ವಿಧವಾ ವೇತನ, ಕೂಲಿ, ಗೃಹಲಕ್ಷ್ಮಿಯ ಹಣ ಬಂದು ಬೀಳುವ ಖಾತೆಗಳಿಗೇ ಅದು ತಾಗುವುದು.

ಇಂತಹ ಕಡಿತ ಕಂಡಾಗ ನಾವು ಏನು ಮಾಡಬೇಕು ಎಂಬುದೇ ಈ ವಾರದ ಪಾಠ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಬ್ಯಾಂಕು ವಿಧಿಸುವ ಎಲ್ಲ ಶುಲ್ಕವೂ ಅನ್ಯಾಯವಲ್ಲ, ಆದರೆ ಅನ್ಯಾಯವಾಗಿ ಮುರಿದುಕೊಂಡದ್ದನ್ನು ಕೇಳದೆ ಇದ್ದರೆ ಅದು ಮರಳಿ ಬರುವುದು ಅಪರೂಪ. ಕೇಳುವುದಕ್ಕೆ ಒಂದು ಕ್ರಮವಿದೆ. ಆ ಕ್ರಮವನ್ನು ತಿಳಿದವರಿಗೆ ವಕೀಲರೂ ಬೇಡ, ಜಗಳವೂ ಬೇಡ.

ಮೂರು ಪ್ರಶ್ನೆಗಳ ಪರೀಕ್ಷೆ

ಯಾವುದೇ ಕಡಿತ ಕಂಡಾಗ ನಿಮ್ಮನ್ನು ನೀವೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಇದನ್ನು ನನಗೆ ಮೊದಲೇ ತಿಳಿಸಲಾಗಿತ್ತೇ? ಎರಡು, ಈ ಸೇವೆ ಬೇಕೆಂದು ನಾನು ಒಪ್ಪಿದ್ದೆನೇ? ಮೂರು, ರಿಸರ್ವ್ ಬ್ಯಾಂಕಿನ ನಿಯಮ ಇದಕ್ಕೆ ಅವಕಾಶ ಕೊಡುತ್ತದೆಯೇ?

ಮೂರಕ್ಕೂ "ಹೌದು" ಎಂಬ ಉತ್ತರ ಬಂದರೆ ಆ ಶುಲ್ಕ ನ್ಯಾಯವಾದದ್ದು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಕೊಟ್ಟು ಅದು ಮರಳಿ ಬಂದರೆ ಬ್ಯಾಂಕು ಹಾಕುವ ಶುಲ್ಕವನ್ನು ನಾವು ತೆರಲೇಬೇಕು. ಯಾವುದಾದರೂ ಒಂದಕ್ಕೆ "ಇಲ್ಲ" ಎಂದು ಬಂದರೆ ಮಾತ್ರ ಕೇಳಲು ನಮಗೆ ಕಾರಣವಿದೆ.

2014ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಗ್ರಾಹಕರ ಹಕ್ಕುಗಳ ಸನ್ನದನ್ನು ಹೊರಡಿಸಿತು. ಅದರಲ್ಲಿ ಐದು ಹಕ್ಕುಗಳಿವೆ: ಸಮಾನವಾಗಿ ನಡೆಸಿಕೊಳ್ಳುವುದು, ಪಾರದರ್ಶಕವಾದ ಪ್ರಾಮಾಣಿಕ ವ್ಯವಹಾರ, ಗ್ರಾಹಕರಿಗೆ ಹೊಂದುವ ಸೇವೆಯನ್ನೇ ಕೊಡುವುದು, ಗೌಪ್ಯತೆ, ಮತ್ತು ದೂರಿಗೆ ಪರಿಹಾರ. ಆದ್ದರಿಂದ ಶುಲ್ಕದ ಬಗ್ಗೆ ಕೇಳುವವರು ಬ್ಯಾಂಕಿನ ದಯೆಯನ್ನು ಬೇಡುತ್ತಿಲ್ಲ. ತಮಗೆ ಇರುವ ಹಕ್ಕನ್ನು ಬಳಸುತ್ತಿದ್ದಾರೆ.

ಉಳಿತಾಯ ಖಾತೆಯಲ್ಲಿ ಗಮನಿಸಬೇಕಾದವು

ಕನಿಷ್ಠ ಶಿಲ್ಕಿನ ದಂಡ. 2014ರ ನವೆಂಬರ್ 20ರಂದು ರಿಸರ್ವ್ ಬ್ಯಾಂಕು ಇದರ ಬಗ್ಗೆ ಸುತ್ತೋಲೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದರ ಪ್ರಕಾರ, ಶಿಲ್ಕು ಕಡಿಮೆಯಾದ ಕೂಡಲೇ ದಂಡ ಹಾಕುವಂತಿಲ್ಲ. ಮೊದಲು ಎಸ್.ಎಂ.ಎಸ್., ಇ-ಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಹಣ ತುಂಬಲು ಒಂದು ತಿಂಗಳಿಗೆ ಕಡಿಮೆಯಿಲ್ಲದ ಅವಕಾಶ ಕೊಡಬೇಕು. ದಂಡವು ಎಷ್ಟು ಕೊರತೆ ಇದೆಯೋ ಅದಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. 50 ರೂಪಾಯಿ ಕೊರತೆಗೂ 900 ರೂಪಾಯಿ ಕೊರತೆಗೂ ಒಂದೇ ದಂಡ ಸಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ದಂಡದ ಕಾರಣದಿಂದಲೇ ಖಾತೆಯ ಶಿಲ್ಕು ಸೊನ್ನೆಗಿಂತ ಕೆಳಗೆ ಇಳಿಯಬಾರದು. "ನಿಮ್ಮ ಖಾತೆ ಮೈನಸ್ ಆಗಿದೆ, ಅಷ್ಟು ಕಟ್ಟಿ" ಎಂದು ಯಾರಾದರೂ ಹೇಳಿದರೆ ಈ ನಿಯಮವನ್ನು ನೆನಪಿಸಿ.

ಈ ದಂಡವನ್ನೇ ಕೈಬಿಟ್ಟ ಬ್ಯಾಂಕುಗಳೂ ಇವೆ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ 2020ರ ಮಾರ್ಚಿನಲ್ಲಿ ಎಲ್ಲ ಉಳಿತಾಯ ಖಾತೆಗಳಿಗೂ ಇದನ್ನು ರದ್ದು ಮಾಡಿತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಇದೇ ದಾರಿ ಹಿಡಿಯಿತು. ನಿಮ್ಮ ಬ್ಯಾಂಕಿನ ನಿಯಮವೇನೆಂದು ಶಾಖೆಯಲ್ಲಿ ಕೇಳಿ. ಶುಲ್ಕಗಳ ಪಟ್ಟಿಯನ್ನು ಗ್ರಾಹಕರಿಗೆ ತಿಳಿಯುವಂತೆ ಪ್ರಕಟಿಸುವುದು ಬ್ಯಾಂಕಿನ ಕರ್ತವ್ಯ.

ಮೇಲಿನ ಉದಾಹರಣೆಯ ತಾಯಿಯಂಥವರಿಗೆ ಇನ್ನೊಂದು ದಾರಿಯೂ ಇದೆ. ಮೂಲ ಉಳಿತಾಯ ಖಾತೆ ಎಂಬ ಒಂದು ಬಗೆಯ ಖಾತೆಗೆ ಕನಿಷ್ಠ ಶಿಲ್ಕಿನ ಷರತ್ತೇ ಇಲ್ಲ. 2014ರ ಆಗಸ್ಟಿನಲ್ಲಿ ಆರಂಭವಾದ ಜನಧನ ಖಾತೆಗಳು ಇದೇ ಬಗೆಯವು. ಈಗಿರುವ ಖಾತೆಯನ್ನು ಹಾಗೆ ಬದಲಾಯಿಸಿಕೊಡಿ ಎಂದು ಅರ್ಜಿ ಕೊಡಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು.

ನಿಂತುಹೋದ ಖಾತೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನೀವು ಯಾವ ವ್ಯವಹಾರವನ್ನೂ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ. 2024ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ, ಇಂಥ ಖಾತೆಗೆ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ. ಅದನ್ನು ಮತ್ತೆ ಚಾಲ್ತಿಗೆ ತರಲೂ ಶುಲ್ಕ ಕೇಳುವಂತಿಲ್ಲ. ಗಲ್ಫಿಗೆ ದುಡಿಯಲು ಹೋಗಿರುವ ಮಕ್ಕಳ ಹಳೆಯ ಖಾತೆಗಳಿದ್ದರೆ ಇದನ್ನು ನೆನಪಿಡಿ.

ಎ.ಟಿ.ಎಂ. ಖಾತೆಯಿಂದ ಹಣ ಕಡಿತವಾಗಿ, ಯಂತ್ರದಿಂದ ನೋಟು ಬಾರದಿದ್ದರೆ ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಬ್ಯಾಂಕು ತಾನಾಗಿಯೇ ಹಣ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. 2019ರ ಅಕ್ಟೋಬರ್ 15ರಿಂದ ಈ ನಿಯಮವಿದೆ. ತಿಂಗಳ 1ನೇ ತಾರೀಖು ಕಡಿತವಾದ ಹಣ 16ನೇ ತಾರೀಖು ಬಂದರೆ, 6ನೇ ತಾರೀಖಿನ ನಂತರದ 10 ದಿನಗಳಿಗೆ 1,000 ರೂಪಾಯಿ ನಿಮಗೆ ಸೇರಬೇಕು. ಮೊಬೈಲಿನ ಯು.ಪಿ.ಐ. ಮೂಲಕ ಒಬ್ಬರಿಗೆ ಕಳುಹಿಸಿದ ಹಣ ಅವರಿಗೆ ಸೇರದೆ, ನಿಮ್ಮ ಖಾತೆಯಿಂದ ಮಾತ್ರ ಹೋಗಿದ್ದರೆ ಮರುದಿನದೊಳಗೆ ಮರಳಬೇಕು. ಆಮೇಲೆ ಅಲ್ಲಿಯೂ ದಿನಕ್ಕೆ 100 ರೂಪಾಯಿ. ಅಸಲು ಬಂದಿತೆಂದು ಸಮಾಧಾನಪಟ್ಟು ಹೆಚ್ಚಿನವರು ಈ ಪರಿಹಾರವನ್ನು ಕೇಳುವುದೇ ಇಲ್ಲ.

ಉಚಿತ ಮಿತಿ ದಾಟಿದ ಮೇಲೆ ಎ.ಟಿ.ಎಂ. ಬಳಕೆಗೆ 2025ರ ಮೇ 1ರಿಂದ ಪ್ರತಿ ವ್ಯವಹಾರಕ್ಕೆ ಗರಿಷ್ಠ 23 ರೂಪಾಯಿ ಮತ್ತು ತೆರಿಗೆ ಎಂದು ನಿಗದಿಯಾಯಿತು. ಆದರೆ ಯಂತ್ರ ಕೆಟ್ಟೋ, ಸಂಪರ್ಕ ತಪ್ಪಿಯೋ, ನೋಟು ಇಲ್ಲದೆಯೋ ವಿಫಲವಾದದ್ದನ್ನು ಉಚಿತ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಎಸ್.ಎಂ.ಎಸ್. ಶುಲ್ಕ. ಇದನ್ನು ನಿಜವಾದ ಬಳಕೆಯ ಆಧಾರದ ಮೇಲೆ ವಿಧಿಸಬೇಕೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಹೇಳಿದೆ. ಮೂರು ತಿಂಗಳಲ್ಲಿ ಎರಡೇ ಸಂದೇಶ ಬಂದಿದ್ದು, ಶುಲ್ಕ ಮಾತ್ರ ಇಡಿಯಾಗಿ ಹೋಗಿದ್ದರೆ ಕೇಳಿ.

ವಿಮೆಯ ಕಡಿತ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಅಥವಾ 436 ರೂಪಾಯಿ ಹೋಗಿದ್ದರೆ ಗಾಬರಿಯಾಗಬೇಡಿ. ಮೊದಲನೆಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಎರಡನೆಯದು ಜೀವನ ಜ್ಯೋತಿ ಬಿಮಾ ಯೋಜನೆ ಇರಬಹುದು; 2022ರ ಜೂನ್ 1ರಿಂದ ಅವುಗಳ ವಾರ್ಷಿಕ ಕಂತು ಇಷ್ಟು. ನೀವು ರುಜು ಹಾಕಿ ಸೇರಿದ್ದರೆ ಅದು ನಿಮ್ಮ ರಕ್ಷಣೆಗೆ; ಮನೆಯವರಿಗೂ ತಿಳಿಸಿಡಿ, ಇಲ್ಲವಾದರೆ ಆಪತ್ತಿನಲ್ಲಿ ಯಾರೂ ಕೇಳದೆ ಹೋಗುತ್ತದೆ. ನೀವು ಸೇರಿಯೇ ಇಲ್ಲವೆಂದಾದರೆ, "ನನ್ನ ಒಪ್ಪಿಗೆಯ ಪತ್ರ ತೋರಿಸಿ" ಎಂದು ಕೇಳಿ. ಒಪ್ಪಿಗೆಯಿಲ್ಲದ ಕಡಿತವನ್ನು ಮರಳಿಸಲೇಬೇಕು.

ಸಾಲದಲ್ಲಿ ಗಮನಿಸಬೇಕಾದವು

ಸಾಲ ಮಾಡಿದವರಿಗೆ ಕೇಳಲು ಇನ್ನೂ ಹೆಚ್ಚು ಸಂಕೋಚ. ಆದರೆ ಅಲ್ಲಿಯೂ ನಿಯಮಗಳಿವೆ. ಬಡ್ಡಿಯ ದರ ಏರಿಳಿಯುವಂಥ ಗೃಹಸಾಲವನ್ನು ಒಬ್ಬ ವ್ಯಕ್ತಿ ಅವಧಿಗೆ ಮುಂಚೆ ತೀರಿಸಿದರೆ, ಅದಕ್ಕಾಗಿ ದಂಡ ವಿಧಿಸುವುದನ್ನು ರಿಸರ್ವ್ ಬ್ಯಾಂಕು 2012ರಲ್ಲಿಯೇ ನಿಲ್ಲಿಸಿತು. ಕಂತು ತಪ್ಪಿದಾಗ ಹಾಕುವ ದಂಡವನ್ನು ಬಡ್ಡಿಯ ದರಕ್ಕೆ ಸೇರಿಸಬಾರದು, ಆ ದಂಡದ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂದು 2023ರ ಆಗಸ್ಟ್ 18ರ ಸುತ್ತೋಲೆ ಹೇಳಿತು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಜಮೀನು, ಮನೆಯ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್ 1ರಿಂದ ಅನ್ವಯ.

"ಬ್ಯಾಂಕಿನ ಲೆಕ್ಕ ತಪ್ಪುವುದುಂಟೇ?" ಎಂದು ಕೇಳುವವರಿಗೆ ಒಂದು ಉತ್ತರ. 2024ರ ಏಪ್ರಿಲ್ 29ರಂದು ರಿಸರ್ವ್ ಬ್ಯಾಂಕೇ ತನ್ನ ತಪಾಸಣೆಯಲ್ಲಿ ಕಂಡದ್ದನ್ನು ಪ್ರಕಟಿಸಿತು. ಕೆಲವು ಸಂಸ್ಥೆಗಳು ಸಾಲದ ಹಣ ಕೈಗೆ ಕೊಟ್ಟ ದಿನದಿಂದಲ್ಲ, ಮಂಜೂರಾದ ದಿನದಿಂದಲೇ ಬಡ್ಡಿ ಎಣಿಸಿದ್ದವು. ಚೆಕ್ಕನ್ನು ಎಷ್ಟೋ ದಿನ ಬಿಟ್ಟು ಕೊಟ್ಟು, ಚೆಕ್ಕಿನ ಮೇಲಿನ ತಾರೀಖಿನಿಂದ ಬಡ್ಡಿ ಹಾಕಿದ್ದವು. ತಿಂಗಳ ಮಧ್ಯೆ ಕೊಟ್ಟ ಸಾಲಕ್ಕೆ ಇಡೀ ತಿಂಗಳ ಬಡ್ಡಿ ವಸೂಲು ಮಾಡಿದ್ದವು. ಹೆಚ್ಚಾಗಿ ಪಡೆದದ್ದನ್ನು ಗ್ರಾಹಕರಿಗೆ ಮರಳಿಸುವಂತೆ ರಿಸರ್ವ್ ಬ್ಯಾಂಕು ಸೂಚಿಸಿತು. ಹೀಗಿರುವಾಗ ಸಾಲಗಾರರು ತಮ್ಮ ಲೆಕ್ಕದ ಪಟ್ಟಿಯನ್ನು ಕೇಳಿ ಪಡೆದು ಓದುವುದರಲ್ಲಿ ತಪ್ಪೇನಿದೆ?

ಮರಳಿ ಕೇಳುವ ಕ್ರಮ

ಮೊದಲ ಹೆಜ್ಜೆ: ಪಾಸ್‌ಬುಕ್ ಬರೆಸಿ, ಸಂಶಯ ಬಂದ ಸಾಲಿಗೆ ಪೆನ್ಸಿಲಿನಿಂದ ಗುರುತು ಹಾಕಿ. ತಾರೀಖು, ಮೊತ್ತ, ಎದುರಿಗೆ ಬರೆದಿರುವ ಇಂಗ್ಲಿಷ್ ಸಂಕೇತ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಂಕೇತ ಅರ್ಥವಾಗದಿದ್ದರೆ ಕೌಂಟರಿನಲ್ಲಿ ವಿನಯದಿಂದ ವಿಚಾರಿಸಿ. ಅರ್ಧದಷ್ಟು ಸಂಶಯಗಳು ಇಲ್ಲಿಯೇ ಪರಿಹಾರವಾಗಬಹುದು. ಕೌಂಟರಿನಲ್ಲಿರುವ ಗುಮಾಸ್ತರು ನಿಯಮ ಮಾಡಿದವರಲ್ಲ. ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ.

ಎರಡನೆಯ ಹೆಜ್ಜೆ: ಬರೆದು ಕೊಡಿ. ಬಾಯಿಮಾತಿನ ದೂರಿಗೆ ಸಾಕ್ಷಿಯಿಲ್ಲ. ಅರ್ಜಿ ಕನ್ನಡದಲ್ಲಿಯೇ ಇರಲಿ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಸಹಿತ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಮಾದರಿ ಹೀಗಿರಬಹುದು:

"ಶಾಖಾ ವ್ಯವಸ್ಥಾಪಕರಿಗೆ. ಮಾನ್ಯರೇ, ನನ್ನ ಉಳಿತಾಯ ಖಾತೆಯಿಂದ ಇಂಥ ತಾರೀಖು 118 ರೂಪಾಯಿ ಕನಿಷ್ಠ ಶಿಲ್ಕಿನ ದಂಡವೆಂದು ಕಡಿತವಾಗಿದೆ. ಇದಕ್ಕೆ ಒಂದು ತಿಂಗಳು ಮೊದಲು ನನಗೆ ಯಾವ ಸೂಚನೆಯೂ ಬಂದಿಲ್ಲ. ಸೂಚನೆ ಕಳುಹಿಸಿದ್ದರೆ ಅದರ ಪ್ರತಿಯನ್ನೂ, ದಂಡವನ್ನು ಲೆಕ್ಕ ಹಾಕಿದ ವಿವರವನ್ನೂ ದಯವಿಟ್ಟು ಕೊಡಿ. ಇಲ್ಲವಾದರೆ ಈ ಮೊತ್ತವನ್ನು ಜಿ.ಎಸ್.ಟಿ. ಸಹಿತ ನನ್ನ ಖಾತೆಗೆ ಮರಳಿ ಜಮಾ ಮಾಡಬೇಕೆಂದು ಕೋರುತ್ತೇನೆ. ತಮ್ಮ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ."

ಕೆಳಗೆ ಖಾತೆಯ ಸಂಖ್ಯೆ, ವಿಳಾಸ, ರುಜು. ಇಷ್ಟೇ ಸಾಕು. ಬೈಗುಳ ಬೇಡ, ಬೆದರಿಕೆ ಬೇಡ, ಮನೆಯ ಕಷ್ಟದ ಕಥೆಯೂ ಬೇಡ. ಎ.ಟಿ.ಎಂ. ಪಿನ್ ಅಥವಾ ಓ.ಟಿ.ಪಿ.ಯನ್ನು ಯಾವ ಅರ್ಜಿಯಲ್ಲಿಯೂ, ಯಾವ ಫೋನಿನಲ್ಲಿಯೂ ಯಾರಿಗೂ ಹೇಳಬೇಡಿ. "ನಿಮ್ಮ ಶುಲ್ಕ ಮರಳಿಸುತ್ತೇವೆ" ಎಂದು ಕರೆ ಮಾಡಿ ಅದನ್ನು ಕೇಳುವವನು ಕಳ್ಳನೇ.

ಮೂರನೆಯ ಹೆಜ್ಜೆ: 30 ದಿನ ಕಾಯಿರಿ. ಅಷ್ಟರಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಬ್ಯಾಂಕುಗಳ ಗ್ರಾಹಕರಿಗಾಗಿ ಈ ವ್ಯವಸ್ಥೆ ಮೊದಲು ಬಂದದ್ದು 1995ರಲ್ಲಿ. 2021ರ ನವೆಂಬರ್ 12ರಂದು ಬೇರೆ ಬೇರೆ ಯೋಜನೆಗಳನ್ನು ಸೇರಿಸಿ ಒಂದೇ ಮಾಡಲಾಯಿತು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ರಿಸರ್ವ್ ಬ್ಯಾಂಕಿನ ದೂರು ಜಾಲತಾಣದಲ್ಲಿ ಮಕ್ಕಳ ಸಹಾಯದಿಂದ ದಾಖಲಿಸಬಹುದು. ಅಂಚೆಯಲ್ಲಾದರೆ ವಿಳಾಸ: ಕೇಂದ್ರೀಕೃತ ಸ್ವೀಕೃತಿ ಮತ್ತು ಸಂಸ್ಕರಣ ಕೇಂದ್ರ, ಭಾರತೀಯ ರಿಸರ್ವ್ ಬ್ಯಾಂಕ್, ಸೆಕ್ಟರ್ 17, ಚಂಡೀಗಢ 160017. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಉತ್ತರ ದೊರೆಯುತ್ತದೆ. ದೂರಿಗೆ ಕಾಲಮಿತಿ ಇದೆಯಾದ್ದರಿಂದ 30 ದಿನ ಕಳೆದ ಮೇಲೆ ತಡಮಾಡಬೇಡಿ. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಇಲ್ಲಿಗೆ ಹೋದರೆ ದೂರು ತಿರಸ್ಕೃತವಾಗುತ್ತದೆ. ಮೊಹರು ಹಾಕಿಸಿದ ಪ್ರತಿಯ ಬೆಲೆ ತಿಳಿಯುವುದು ಇಲ್ಲಿಯೇ.

ನಾಲ್ಕನೆಯ ಹೆಜ್ಜೆ: ಗ್ರಾಹಕರ ಆಯೋಗ. 2020ರ ಜುಲೈ 20ರಿಂದ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಬ್ಯಾಂಕಿನ ಕೆಲಸವೂ "ಸೇವೆ" ಎಂದೇ ಎಣಿಕೆಯಾಗಿದೆ. ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಬ್ಯಾಂಕಿನ ಪ್ರಧಾನ ಕಚೇರಿ ಇರುವ ಊರಿಗೆ ಅಲೆಯಬೇಕಾಗಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ನಿಮ್ಮ ಪರವಾಗಿ ನೀವೇ ವಾದಿಸಬಹುದು. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಮಾರ್ಗದರ್ಶನ ಸಿಗುತ್ತದೆ. ಆದರೆ ಒಂದೇ ದೂರನ್ನು ಓಂಬುಡ್ಸ್‌ಮನ್ ಮುಂದೆಯೂ ಆಯೋಗದ ಮುಂದೆಯೂ ಏಕಕಾಲದಲ್ಲಿ ನಡೆಸಲಾಗದು. ಸಣ್ಣ ಮೊತ್ತಕ್ಕೆ ಮೊದಲನೆಯದೇ ಸುಲಭ.

ಊರಿನ ಪತ್ತಿನ ಸಹಕಾರ ಸಂಘಗಳಲ್ಲಿ ವ್ಯವಹರಿಸುವವರಿಗೆ ಒಂದು ಎಚ್ಚರಿಕೆ. ಅವು ಬ್ಯಾಂಕುಗಳಲ್ಲ, ಓಂಬುಡ್ಸ್‌ಮನ್ ಅವರ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ಬಗ್ಗೆ ಸಹಕಾರ ಇಲಾಖೆಯ ನಿಬಂಧಕರ ಕಚೇರಿಗೆ ಬರೆಯಬೇಕು.

"ಇಷ್ಟು ಸಣ್ಣ ಮೊತ್ತಕ್ಕೆ ಯಾಕೆ?"

ಈ ಪ್ರಶ್ನೆ ಮನೆಯಲ್ಲಿಯೇ ಏಳುತ್ತದೆ. "118 ರೂಪಾಯಿಗಾಗಿ ಒಂದು ದಿನದ ಕೂಲಿ ಬಿಟ್ಟು ಹೋಗುವುದೇ? ನಾಳೆ ಸಾಲ ಬೇಕಾದಾಗ ಮ್ಯಾನೇಜರು ಮುಖ ನೋಡುವರೇ?" ಎಂದು ಹಿರಿಯರು ಹೇಳುತ್ತಾರೆ. ಆ ಮಾತಿನಲ್ಲಿ ಅನುಭವವಿದೆ, ತಳ್ಳಿಹಾಕಲಾಗದು. ಆದರೆ ಇನ್ನೊಂದು ಮಗ್ಗುಲನ್ನೂ ನೋಡಿ. ಹನಿಗೂಡಿದರೆ ಹಳ್ಳ ಎಂಬ ಗಾದೆ ನಮಗೆ ಉಳಿತಾಯವನ್ನು ಕಲಿಸಿತು. ಅದೇ ಗಾದೆ ಕಡಿತಕ್ಕೂ ಅನ್ವಯಿಸುತ್ತದೆ. ಲಕ್ಷ ಖಾತೆಗಳಿಂದ ತಲಾ 118 ರೂಪಾಯಿ ಹೋದರೆ ಅದು 1 ಕೋಟಿ 18 ಲಕ್ಷ ರೂಪಾಯಿ. ಕೇಳುವವರು ಇಲ್ಲದಿರುವುದರಿಂದಲೇ ಸಣ್ಣ ಅನ್ಯಾಯ ದೊಡ್ಡದಾಗಿ ಬೆಳೆಯುತ್ತದೆ. ಒಬ್ಬರು ಬರೆದು ಕೇಳಿದಾಗ, ಓದು ಬಾರದ ಪಕ್ಕದ ಮನೆಯವರ ಖಾತೆಯ ಕಡೆಗೂ ಬ್ಯಾಂಕಿನವರ ಗಮನ ಹೋಗುತ್ತದೆ.

ನ್ಯಾಯ ಎರಡು ಕಡೆಗೂ ಒಂದೇ ಎಂಬುದನ್ನೂ ಮರೆಯಬಾರದು. ಬ್ಯಾಂಕಿನ ಕೈತಪ್ಪಿನಿಂದ ನಮ್ಮ ಖಾತೆಗೆ ಯಾರದೋ 5,000 ರೂಪಾಯಿ ಬಂದು ಬಿದ್ದರೆ ಅದನ್ನು ಅದೇ ದಿನ ತಿಳಿಸಿ ಹಿಂದಿರುಗಿಸಬೇಕು. ಹಾಗೆ ಮಾಡುವವರ ಮಾತಿಗೆ, ತಮ್ಮ 118 ರೂಪಾಯಿ ಕೇಳುವಾಗಲೂ ತೂಕವಿರುತ್ತದೆ. ತಕ್ಕಡಿ ನೆಟ್ಟಗಿರಲಿ ಎಂದು ಕೇಳುವವರು ತಮ್ಮ ಕೈಯನ್ನೂ ನೆಟ್ಟಗೆ ಇಟ್ಟುಕೊಳ್ಳಬೇಕು.

ಮುಂದಿನ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮನೆಯ ಎಲ್ಲ ಪಾಸ್‌ಬುಕ್ಕುಗಳನ್ನೂ ಮೇಜಿನ ಮೇಲೆ ಇಡಿ. ಕಾಲೇಜಿಗೆ ಹೋಗುವ ಮಗನೋ ಮಗಳೋ ಓದಲಿ, ಅಜ್ಜಿ ಕೇಳಲಿ. ನಿಮ್ಮ ವಾರ್ಡಿನಲ್ಲಿ ಒಂಟಿಯಾಗಿರುವ ವೃದ್ಧರಿದ್ದರೆ ಅವರ ಪುಸ್ತಕವನ್ನೂ ಅವರೆದುರಿನಲ್ಲಿಯೇ ಓದಿ ಹೇಳಿ. ಅರ್ಜಿ ಬರೆದುಕೊಡಲು ಒಂದು ಹಾಳೆ, ಒಂದು ಪೆನ್ನು ಸಾಕು.

ಕುಟುಂಬದಲ್ಲಿ ಚರ್ಚಿಸಲು

1. ಕಳೆದ ಒಂದು ವರ್ಷದಲ್ಲಿ ನಮ್ಮ ಖಾತೆಗಳಿಂದ ಶುಲ್ಕವೆಂದು ಒಟ್ಟು ಎಷ್ಟು ಹಣ ಹೋಗಿದೆ? ಅದರಲ್ಲಿ ಯಾವುದು ನಮಗೆ ಅರ್ಥವಾಗಿಲ್ಲ?

2. ನಮ್ಮ ಖಾತೆಗೆ ಕನಿಷ್ಠ ಶಿಲ್ಕು ಎಷ್ಟಿರಬೇಕು? ಬ್ಯಾಂಕಿನಲ್ಲಿ ಕೊಟ್ಟಿರುವ ಮೊಬೈಲ್ ಸಂಖ್ಯೆ ಈಗಲೂ ನಮ್ಮದೇ? ಅದು ಹಳೆಯದಾಗಿದ್ದರೆ ಬ್ಯಾಂಕಿನ ಸೂಚನೆ ನಮ್ಮನ್ನು ತಲುಪುವುದು ಹೇಗೆ?

3. ನಮ್ಮ ನೆರೆಯಲ್ಲಿ ಪಾಸ್‌ಬುಕ್ ಓದಲಾಗದವರು ಯಾರಿದ್ದಾರೆ? ಅವರಿಗಾಗಿ ಈ ತಿಂಗಳು ನಾವು ಅರ್ಧ ಗಂಟೆ ಕೊಡಬಲ್ಲೆವೇ?